ಓದಿದ ಬಿ.ಕಾಂ. ವ್ಯರ್ಥವಾಗುವುದಿಲ್ಲ

"ಆಪಾ, ಮಗಳು ಬಿ.ಕಾಂ. ಮುಗಿಸಿದಳು. ಈಗ ನರ್ಸ್ ಆಗುತ್ತೇನೆ, ಹೊರದೇಶಕ್ಕೆ ಹೋಗುತ್ತೇನೆ ಎನ್ನುತ್ತಿದ್ದಾಳೆ. ಇಷ್ಟು ವರ್ಷ ಓದಿಸಿದ್ದೆಲ್ಲ ನೀರಿನಲ್ಲಿ ಹೋಮವಾಯಿತಲ್ಲ!"

ನಂಜನಗೂಡು, ತಿ. ನರಸೀಪುರಗಳ ನಡುವಿನ ಬಿಳಿಗೆರೆಯಿಂದ ಬಂದಿದ್ದ ತಾಯಿಯೊಬ್ಬರು ನನ್ನೆದುರು ಕಣ್ಣೀರಿಟ್ಟರು. ಪಕ್ಕದಲ್ಲಿ ತಲೆ ತಗ್ಗಿಸಿ ಕುಳಿತಿದ್ದ ಮಗಳು ಮೆಲ್ಲಗೆ ಹೇಳಿದಳು: "ದಾದಿಮಾ ಆಸ್ಪತ್ರೆಯಲ್ಲಿದ್ದಾಗ ಹನ್ನೊಂದು ದಿನ ನಾನೇ ನೋಡಿಕೊಂಡೆ. ಅಂದಿನಿಂದ ಅಬ್ಬಾನ ಅಂಗಡಿ ಲೆಕ್ಕ ಬರೆಯಲು ಮನಸ್ಸೇ ಬರುತ್ತಿಲ್ಲ ಆಪಾ."

ಮಾತು ಮುಂದುವರಿದಾಗ ಇನ್ನೊಂದು ವಿಷಯ ಹೊರಬಂತು. ಆರು ತಿಂಗಳ ಕೋರ್ಸ್ ಮಾಡಿಸಿ ಗಲ್ಫ್‌ನಲ್ಲಿ ನರ್ಸ್ ಕೆಲಸ ಕೊಡಿಸುತ್ತೇನೆಂದು ಒಬ್ಬ ಏಜೆಂಟ್ ಎರಡು ಲಕ್ಷ ರೂಪಾಯಿ ಕೇಳಿದ್ದ. ಮಗಳ ಹಟಕ್ಕೆ ಮಣಿದು ತಾಯಿ ತಮ್ಮ ಬಳೆಗಳನ್ನು ಮಾರಲು ಹೊರಟಿದ್ದರು. ಸಹೋದರಿಯರೇ, ಇಂತಹ ಮಾತು ನಿಮ್ಮ ಮನೆಯಲ್ಲೂ ನಡೆಯುತ್ತಿರಬಹುದು. ಆದ್ದರಿಂದ ಅವರಿಗೆ ಹೇಳಿದ್ದನ್ನು ನಿಮಗೂ ಹೇಳುತ್ತೇನೆ.

ಸೇವೆ ನಮಗೆ ಹೊಸದಲ್ಲ

ಹಝ್ರತ್ ಖದೀಜಾ(ರ) ವ್ಯಾಪಾರ ಮಾಡಿದವರು. ರುಫೈದಾ ಅಲ್ ಅಸ್ಲಮಿಯ್ಯ(ರ) ಗಾಯಾಳುಗಳ ಆರೈಕೆ ಮಾಡಿದವರು. ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ) ಅವರನ್ನು ಇರಿಸಿದ್ದು ಮಸೀದಿಯಲ್ಲಿದ್ದ ರುಫೈದಾರ ಡೇರೆಯಲ್ಲೇ. ವ್ಯಾಪಾರವೂ ಗೌರವದ ದಾರಿ, ಆರೈಕೆಯೂ ಗೌರವದ ದಾರಿ. ನರ್ಸ್ ಕೆಲಸವೆಂದರೆ ಮುಖ ಸಿಂಡರಿಸುವ ನಾವು, ನಮ್ಮ ಹೆಣ್ಣುಮಕ್ಕಳ ಹೆರಿಗೆಗೆ ಮಾತ್ರ ಮಹಿಳಾ ಸಿಬ್ಬಂದಿಯೇ ಬೇಕೆನ್ನುತ್ತೇವೆ. ಅವರು ಎಲ್ಲಿಂದ ಬರಬೇಕು?

ವ್ಯಾಪಾರದ ಮನೆತನದಿಂದ ಆರೋಗ್ಯ ಕ್ಷೇತ್ರಕ್ಕೆ ಬಂದವರು ನಮ್ಮಲ್ಲೇ ಇದ್ದಾರೆ. ಮಂಗಳೂರು ಸಮೀಪದ ತುಂಬೆಯ ಮರದ ವ್ಯಾಪಾರದ ಕುಟುಂಬದ ತುಂಬೆ ಮೊಯ್ದಿನ್ 1998ರಲ್ಲಿ ಅಜ್ಮಾನ್‌ನಲ್ಲಿ ಗಲ್ಫ್ ಮೆಡಿಕಲ್ ಕಾಲೇಜು ಆರಂಭಿಸಿದರು. ಇಂದು ಅದು ವಿಶ್ವವಿದ್ಯಾಲಯ. ಆದರೆ ಅವರು ಅಲ್ಲಿಗೆ ಹೋದದ್ದು ಉದ್ಯಮಿಯಾಗಿ. ರೋಗಿಯ ಮೈ ಮುಟ್ಟಿ ಆರೈಕೆ ಮಾಡಬೇಕಾದವರಿಗೆ ಓದಿನ ಹೊರತು ಬೇರೆ ದಾರಿಯಿಲ್ಲ.

ಬಾಗಿಲು ಎಲ್ಲಿ ತೆರೆದಿದೆ?

ಬಿ.ಎಸ್ಸಿ. ನರ್ಸಿಂಗ್‌ಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ವಾಣಿಜ್ಯ ಓದಿದವಳಿಗೆ ಆ ಬಾಗಿಲು ನೇರವಾಗಿ ತೆರೆಯದು. ಆದರೆ ಮೂರು ವರ್ಷಗಳ ಜಿಎನ್‌ಎಂ ಡಿಪ್ಲೊಮಾಕ್ಕೆ ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮದಂತೆ ಯಾವುದೇ ವಿಭಾಗದಲ್ಲಿ ಪಿಯುಸಿ ಪಾಸಾಗಿ, ಒಟ್ಟಾರೆಯಾಗಿಯೂ ಇಂಗ್ಲಿಷ್‌ನಲ್ಲಿಯೂ ಶೇ. 40 ಅಂಕ ಪಡೆದಿದ್ದರೆ ಸಾಕು. ಅದಾದ ಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್ ಓದಿದರೆ ಪದವಿಯೂ ಕೈಸೇರುತ್ತದೆ. ಜೀವಶಾಸ್ತ್ರವನ್ನೇ ಮೊದಲಿನಿಂದ ಓದುವೆನೆನ್ನುವವರಿಗೆ ರಾಷ್ಟ್ರೀಯ ಮುಕ್ತ ಶಾಲೆ ಇದೆ.

ಗಲ್ಫ್‌ನಲ್ಲಿ ಸಾಮಾನ್ಯವಾಗಿ ಎರಡು ವರ್ಷದ ಆಸ್ಪತ್ರೆ ಅನುಭವ ಕೇಳುತ್ತಾರೆ, ಪ್ರಮಾಣಪತ್ರಗಳನ್ನು ಮೂಲದಲ್ಲೇ ಪರಿಶೀಲಿಸುತ್ತಾರೆ, ಪರೀಕ್ಷೆಯನ್ನೂ ಇಡುತ್ತಾರೆ. ಆರು ತಿಂಗಳ ಸರ್ಟಿಫಿಕೇಟ್ ಹಿಡಿದು ಹೋದವಳು ನರ್ಸ್ ಆಗುವುದಿಲ್ಲ. ಇಲ್ಲಿನ ನರ್ಸಿಂಗ್ ಪರಿಷತ್ತಿನಲ್ಲೇ ಅವಳ ಹೆಸರು ನೋಂದಣಿಯಾಗದು. ಜರ್ಮನಿಯಲ್ಲಿ ನರ್ಸಿಂಗ್ ತರಬೇತಿ ಮೂರು ವರ್ಷ, ತರಬೇತಿಯ ಕಾಲದಲ್ಲೇ ಸಂಬಳ ಸಿಗುತ್ತದೆ. ಆದರೆ ಅದಕ್ಕೆ ಮೊದಲು ಜರ್ಮನ್ ಭಾಷೆ ಚೆನ್ನಾಗಿ ಕಲಿತಿರಬೇಕು.

ರಕ್ತ ಕಂಡರೆ ತಲೆ ತಿರುಗುವವರೂ ಇದ್ದಾರೆ. ಅವರು ನಿರಾಶರಾಗಬೇಕಿಲ್ಲ. ಆಸ್ಪತ್ರೆ ಆಡಳಿತ, ಸಾರ್ವಜನಿಕ ಆರೋಗ್ಯದಂತಹ ಸ್ನಾತಕೋತ್ತರ ಕೋರ್ಸ್‌ಗಳಿಗೆ ಹಲವು ಕಡೆ ಯಾವುದೇ ಪದವೀಧರರನ್ನು ಸೇರಿಸಿಕೊಳ್ಳುತ್ತಾರೆ. ಅಲ್ಲಿ ಬಿ.ಕಾಂ.ನ ಲೆಕ್ಕ, ಅಂಕಿಅಂಶಗಳೇ ಬಂಡವಾಳ.

ಹಣ ಕೊಡುವ ಮೊದಲು

ಕಾಲೇಜಿಗೆ ಪರಿಷತ್ತಿನ ಮಾನ್ಯತೆ ಇದೆಯೇ ನೋಡಿ. ಏಜೆಂಟನ ಹೆಸರು ಕೇಂದ್ರ ಸರಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿದೆಯೇ ಪರೀಕ್ಷಿಸಿ. ನೋಂದಾಯಿತ ಏಜೆಂಟರೂ ಸೇವಾಶುಲ್ಕವಾಗಿ 30,000 ರೂಪಾಯಿ ಮತ್ತು ತೆರಿಗೆಗಿಂತ ಹೆಚ್ಚು ಪಡೆಯುವಂತಿಲ್ಲ. ರಾಜ್ಯ ಸರಕಾರದ ಅಂತಾರಾಷ್ಟ್ರೀಯ ವಲಸೆ ಕೇಂದ್ರ ಬೆಂಗಳೂರಿನಲ್ಲಿದೆ, ಅಲ್ಲಿ ವಿಚಾರಿಸಿ. ಬಡ್ಡಿ ಸಾಲಕ್ಕೆ ಕೈಹಾಕುವ ಮೊದಲು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲಿ ನಿಮ್ಮ ಕೋರ್ಸಿಗೆ ಏನು ನೆರವಿದೆ ಕೇಳಿ. ವಸತಿ, ರಾತ್ರಿ ಪಾಳಿ, ಹಿಜಾಬ್, ನಮಾಝ್ ಕುರಿತ ನಿಯಮಗಳನ್ನು ಸಹಿ ಹಾಕುವ ಮೊದಲೇ ತಿಳಿದುಕೊಳ್ಳಿ, ಆಮೇಲೆ ಅಳುವುದು ಬೇಡ.

"ಅಷ್ಟು ವರ್ಷ ಓದುತ್ತಾ ಕೂತರೆ ಮದುವೆ?" ತಾಯಿಯ ಕೊನೆಯ ಪ್ರಶ್ನೆ ಇದು. ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಓದು, ಅನುಭವ ಎಲ್ಲ ಸೇರಿದರೆ ಇಪ್ಪತ್ತೊಂದರ ಹುಡುಗಿ ಹೊರದೇಶ ತಲಪುವಾಗ ಇಪ್ಪತ್ತೇಳು, ಇಪ್ಪತ್ತೆಂಟು ಆಗಿರುತ್ತದೆ. ಈ ಲೆಕ್ಕವನ್ನು ಮುಚ್ಚಿಡಬಾರದು. ಮಗಳೂ ಕೇಳಲಿ, ಅಬ್ಬಾನೂ ಕೇಳಲಿ, ಸಂಬಂಧ ಕೇಳಿ ಬರುವವರಿಗೂ ಮೊದಲೇ ತಿಳಿಸಿ. ಓದನ್ನು ಗೌರವಿಸುವ ಮನೆಯೂ ಇನ್ಶಾ ಅಲ್ಲಾಹ್ ಸಿಗುತ್ತದೆ.

ಮಗಳು ಅಲ್ಲೇ ಕಾಗದ ತೆಗೆದು ಜಿಎನ್‌ಎಂ ಖರ್ಚನ್ನು ವರ್ಷವಾರು ಬರೆಯತೊಡಗಿದಳು. ಅಂಕಣಗಳು ಬಲು ಅಚ್ಚುಕಟ್ಟು. ತಾಯಿಗೆ ತೋರಿಸಿ ಹೇಳಿದೆ, "ನೋಡಿ, ಬಿ.ಕಾಂ. ಎಲ್ಲಿ ನೀರು ಪಾಲಾಯಿತು?"

ಅವರು ಕಣ್ಣೊರೆಸಿಕೊಂಡು ನಕ್ಕರು. ಬಳೆಗಳು ಇನ್ನೂ ಅವರ ಕೈಯಲ್ಲೇ ಇವೆ, ಅಲ್‌ಹಮ್ದುಲಿಲ್ಲಾಹ್.