ಗೌರವ ಸರಿ, ಪಕ್ಕದ ಮನೆ?

ಪ್ಯೂ ಸಂಶೋಧನಾ ಕೇಂದ್ರವು 2019–20ರಲ್ಲಿ ಭಾರತದ ಸುಮಾರು 30,000 ವಯಸ್ಕರನ್ನು ಮಾತನಾಡಿಸಿ 2021ರಲ್ಲಿ ವರದಿ ಪ್ರಕಟಿಸಿತು. ಎಲ್ಲ ಧರ್ಮಗಳನ್ನು ಗೌರವಿಸುವುದು ನಿಜವಾದ ಭಾರತೀಯರಾಗಲು ಬಹಳ ಮುಖ್ಯ ಎಂದವರು ಶೇ. 84. ಆದರೆ ಮುಸ್ಲಿಂ ನೆರೆಯವರು ಬೇಡ ಎಂದ ಹಿಂದೂಗಳು ಶೇ. 36. ಮುಸ್ಲಿಮರಲ್ಲೂ ಹಿಂದೂ ನೆರೆಯವರು ಬೇಡವೆಂದವರಿದ್ದರು. ಪ್ರಮಾಣ ಕಡಿಮೆ, ಆದರೂ ಅದನ್ನು ಬಿಟ್ಟು ಓದಬಾರದು.

ಎರಡೂ ಉತ್ತರ ಸುಳ್ಳಲ್ಲ. ಒಂದು ದೂರದ ಮೌಲ್ಯ, ಇನ್ನೊಂದು ಹತ್ತಿರದ ಬದುಕು. ಸಮಾಜಶಾಸ್ತ್ರದಲ್ಲಿ ಇದು ‘ಸಾಮಾಜಿಕ ಅಂತರ’. ಮದುವೆ, ಗೆಳೆತನ, ನೆರೆಹೊರೆ ಎಂದು ಮೆಟ್ಟಿಲು ಮಾಡಿ ಅದನ್ನು ಅಳೆಯುವ ಮಾಪನವನ್ನು ಬೊಗಾರ್ಡಸ್ 1920ರ ದಶಕದಲ್ಲೇ ರೂಪಿಸಿದರು.

ಮನೆ ಕೊಡುವವರು ಯಾರು ಎಂಬುದೂ ಮುಖ್ಯ. ಭದ್ರಾವತಿಯ ಉಕ್ಕಿನ ಕಾರ್ಖಾನೆಯ ಕ್ವಾರ್ಟರ್ಸ್‌ನಲ್ಲಿ ಮನೆ ಹಂಚುವುದು ಕಂಪನಿ. ಪಕ್ಕದವರನ್ನು ಯಾರೂ ಆರಿಸುವುದಿಲ್ಲ. ಶಿವಮೊಗ್ಗದಲ್ಲಿ ರೂಮು ಹುಡುಕುವ ವಿದ್ಯಾರ್ಥಿಗೆ ಮಾಲೀಕರ ಮನಸ್ಸೇ ನಿಯಮ.