ಎಳೆಯಿದ್ದರೂ ಹುರಿಗೊಳ್ಳದ ಹಗ್ಗ: ‘ಸಿ’ ಜೀವಸತ್ವದ ಕೊರತೆ ಮತ್ತು ಪ್ರಾಣಿದೇಹದ ಕೊಲಾಜೆನ್

ಪ್ರಾಣಿಯ ದೇಹವನ್ನು ಹೊತ್ತು ನಿಲ್ಲಿಸಿರುವುದು ಎಲುಬು ಮತ್ತು ಮಾಂಸಖಂಡಗಳೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ಎಲುಬನ್ನು ಎಲುಬಿಗೆ, ಮಾಂಸಖಂಡವನ್ನು ಎಲುಬಿಗೆ, ಹಲ್ಲನ್ನು ದವಡೆಗೆ, ಚರ್ಮವನ್ನು ಒಳಪದರಗಳಿಗೆ ಬಿಗಿದಿರುವ ಸಂಯೋಜಕ ಅಂಗಾಂಶವಿಲ್ಲದೆ ಇವೆರಡೂ ನಿಲ್ಲಲಾರವು. ಈ ಅಂಗಾಂಶದ ಮುಖ್ಯ ದ್ರವ್ಯ ಕೊಲಾಜೆನ್ ಎಂಬ ಪ್ರೋಟೀನು. ಸಸ್ತನಿಗಳ ದೇಹದಲ್ಲಿರುವ ಒಟ್ಟು ಪ್ರೋಟೀನಿನಲ್ಲಿ ಸುಮಾರು ಕಾಲುಭಾಗ ಇದರದೇ. ಹೆಸರಿನ ಮೂಲ ಗ್ರೀಕ್ ಭಾಷೆಯ ‘ಕೊಲ್ಲಾ’, ಅಂದರೆ ಅಂಟು. ತೊಗಲು, ಎಲುಬುಗಳನ್ನು ಕುದಿಸಿ ತೆಗೆಯುವ ಬಡಗಿಯ ಅಂಟು, ಸೊಲ್ಲಾಪುರ ಸೀಮೆಯವರು ಮರಾಠಿಯಲ್ಲಿ ‘ಸರಸ’ ಎಂದು ಕೇಳಿರುವ ಆ ವಸ್ತು, ಕರಗಿದ ಕೊಲಾಜೆನ್ನೇ ಆಗಿದೆ. ದೇಹದೊಳಗೆ ಇರುವಾಗ ಮಾತ್ರ ಅದು ಅಂಟಲ್ಲ, ಹುರಿಗೊಂಡ ಹಗ್ಗ. ಆಹಾರದಲ್ಲಿ ಒಂದು ಜೀವಸತ್ವ ತಪ್ಪಿದಾಗ ಈ ಹಗ್ಗ ಹೇಗೆ ಸಡಿಲಗೊಳ್ಳುತ್ತದೆ, ಮತ್ತು ಅದೇ ಆಹಾರವನ್ನು ತಿಂದ ಎಲ್ಲ ಪ್ರಾಣಿಗಳಲ್ಲಿಯೂ ಅದು ಏಕೆ ಸಡಿಲಗೊಳ್ಳುವುದಿಲ್ಲ ಎಂಬ ಎರಡು ಪ್ರಶ್ನೆಗಳನ್ನು ಒಟ್ಟಿಗೆ ನೋಡಿದಾಗಲೇ ಕೊರತೆಯ ಸ್ವರೂಪ ಸ್ಪಷ್ಟವಾಗುತ್ತದೆ.

ಹಗ್ಗವೆಂಬುದು ಇಲ್ಲಿ ಕೇವಲ ಅಲಂಕಾರವಲ್ಲ. ಕೊಲಾಜೆನ್ ಅಣುವಿನಲ್ಲಿ ಮೂರು ಎಳೆಗಳಿವೆ. ಒಂದೊಂದು ಎಳೆಯೂ ಸುಮಾರು 1,000 ಅಮೈನೋ ಆಮ್ಲಗಳ ಸರಪಳಿ. ಎಳೆ ತನ್ನಷ್ಟಕ್ಕೆ ಎಡಕ್ಕೆ ತಿರುಚಿಕೊಂಡಿದ್ದರೆ ಮೂರೂ ಸೇರಿ ಬಲಕ್ಕೆ ಹೊಸೆದುಕೊಂಡಿರುತ್ತವೆ. ಈ ಮೂರೆಳೆಯ ರಚನೆಯನ್ನು 1954-55ರಲ್ಲಿ ಮದರಾಸು ವಿಶ್ವವಿದ್ಯಾನಿಲಯದಲ್ಲಿ ಪ್ರತಿಪಾದಿಸಿದವರು ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ಇದೇ ರಾಮಚಂದ್ರನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಮಟ್ಟದ ಜೈವಿಕ ಭೌತವಿಜ್ಞಾನದ ವಿಭಾಗವನ್ನು ಕಟ್ಟಿದರು. ಮೂರು ಎಳೆಗಳು ಒತ್ತಾಗಿ ಹೊಸೆದುಕೊಳ್ಳಬೇಕಾದರೆ ನಡುವಿನ ಇಕ್ಕಟ್ಟಿನಲ್ಲಿ ಅತ್ಯಂತ ಚಿಕ್ಕ ಅಮೈನೋ ಆಮ್ಲವೇ ಇರಬೇಕು. ಆದ್ದರಿಂದ ಸರಪಳಿಯ ಪ್ರತಿ ಮೂರನೆಯ ಸ್ಥಾನದಲ್ಲಿಯೂ ಗ್ಲೈಸಿನ್ ಬರುತ್ತದೆ. ಉಳಿದ ಎರಡು ಸ್ಥಾನಗಳಲ್ಲಿ ಪ್ರೋಲಿನ್ ಮತ್ತು ಅದರ ಮಾರ್ಪಟ್ಟ ರೂಪವಾದ ಹೈಡ್ರಾಕ್ಸಿಪ್ರೋಲಿನ್ ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆ.

ಕೊರತೆಯ ಕಥೆ ಆರಂಭವಾಗುವುದು ಈ ಮಾರ್ಪಾಡಿನಲ್ಲಿ. ಹೈಡ್ರಾಕ್ಸಿಪ್ರೋಲಿನ್ ಆಹಾರದಿಂದ ನೇರವಾಗಿ ಬಂದು ಸರಪಳಿಯಲ್ಲಿ ಕೂರುವುದಿಲ್ಲ. ಜೀವಕೋಶವು ಮೊದಲು ಪ್ರೋಲಿನ್ ಇರುವ ಸರಪಳಿಯನ್ನು ನೇಯುತ್ತದೆ. ಆಮೇಲೆ ಒಂದು ಕಿಣ್ವವು ಆಯ್ದ ಪ್ರೋಲಿನ್‌ಗಳಿಗೆ ಆಮ್ಲಜನಕ ಮತ್ತು ಜಲಜನಕದ ಒಂದು ಪುಟ್ಟ ಜೋಡಿಯನ್ನು ಸೇರಿಸುತ್ತದೆ. ಸೇರ್ಪಡೆ ಅತಿ ಚಿಕ್ಕದು, ಪರಿಣಾಮ ದೊಡ್ಡದು. ಈ ಸೇರ್ಪಡೆಯಿಲ್ಲದ ಮೂರೆಳೆಯ ಹುರಿ ಸುಮಾರು 24 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಬಿಚ್ಚಿಕೊಳ್ಳುತ್ತದೆ. ಸೇರ್ಪಡೆಯಾದ ಹುರಿ ದೇಹದ ಶಾಖದಲ್ಲಿಯೂ ಗಟ್ಟಿಯಾಗಿ ನಿಲ್ಲುತ್ತದೆ. ಬಿಸಿರಕ್ತದ ಪ್ರಾಣಿಯೊಂದಕ್ಕೆ ಇದು ಅಳಿವು ಉಳಿವಿನ ವ್ಯತ್ಯಾಸ. ಹುರಿಗೊಳ್ಳದ ಎಳೆಗಳು ಬಹುಮಟ್ಟಿಗೆ ಜೀವಕೋಶದೊಳಗೇ ಉಳಿದು ಅಲ್ಲಿಯೇ ಒಡೆದುಹೋಗುತ್ತವೆ. ಹೊರಗೆ ಬಂದು ನಾರಾಗಿ ಕೂಡಿಕೊಳ್ಳಬೇಕಾದ ದ್ರವ್ಯ ಹೊರಗೆ ಬರುವುದೇ ಇಲ್ಲ.

ಆ ಕಿಣ್ವದ ಕೇಂದ್ರದಲ್ಲಿ ಕಬ್ಬಿಣದ ಒಂದು ಪರಮಾಣುವಿದೆ. ಕೆಲಸದ ನಡುವೆ ಈ ಕಬ್ಬಿಣ ಆಗಾಗ ಉತ್ಕರ್ಷಣಗೊಂಡು ನಿಷ್ಕ್ರಿಯವಾಗುತ್ತದೆ. ಅದನ್ನು ಮತ್ತೆ ಕೆಲಸಕ್ಕೆ ಯೋಗ್ಯವಾದ ಸ್ಥಿತಿಗೆ ತರುವುದು ಆಸ್ಕಾರ್ಬಿಕ್ ಆಮ್ಲ, ಅಂದರೆ ‘ಸಿ’ ಜೀವಸತ್ವ. ಹೀಗಾಗಿ ಈ ಜೀವಸತ್ವ ಕೊಲಾಜೆನ್ನಿನ ಕಚ್ಚಾಸಾಮಗ್ರಿಯಲ್ಲ. ಹಗ್ಗ ಹೊಸೆಯುವ ಉಪಕರಣವನ್ನು ಮತ್ತೆ ಮತ್ತೆ ಸರಿಪಡಿಸುವ ಕೈ ಅದು. ಎಳೆ ಇರುತ್ತದೆ, ಹೊಸೆಯುವ ಕೋಶವೂ ಇರುತ್ತದೆ. ಹುರಿ ಮಾತ್ರ ಕೂಡುವುದಿಲ್ಲ.

ಈ ಸಂಗತಿಯನ್ನು ಪ್ರಾಣಿಯ ದೇಹದಲ್ಲಿ ನೋಡಲು ಸಾಧ್ಯವಾದದ್ದು ಒಂದು ಆಕಸ್ಮಿಕದಿಂದ. 20ನೆಯ ಶತಮಾನದ ಆರಂಭದಲ್ಲಿ ನಾರ್ವೆಯ ರಾಜಧಾನಿಯಲ್ಲಿ, ಅಂದಿನ ಕ್ರಿಸ್ಟಿಯಾನಿಯಾ ಇಂದಿನ ಓಸ್ಲೋ ನಗರದಲ್ಲಿ, ಆಕ್ಸೆಲ್ ಹೋಲ್ಸ್ಟ್ ಎಂಬ ಆರೋಗ್ಯಶಾಸ್ತ್ರದ ಪ್ರಾಧ್ಯಾಪಕರು ಹಡಗಿನವರನ್ನು ಕಾಡುತ್ತಿದ್ದ ಬೆರಿಬೆರಿಯಂಥ ರೋಗವನ್ನು ಅಭ್ಯಸಿಸುತ್ತಿದ್ದರು. ಮೊದಲು ಪಾರಿವಾಳಗಳ ಮೇಲೆ ಪ್ರಯೋಗ ನಡೆಸಿದ ಅವರು ಬಳಿಕ ಮಕ್ಕಳ ವೈದ್ಯರಾದ ಥಿಯೋಡೋರ್ ಫ್ರೋಲಿಕ್ ಅವರೊಡನೆ ಗಿನಿಹಂದಿಗಳನ್ನು ಆರಿಸಿಕೊಂಡರು. ಹೆಸರಿನಲ್ಲಿ ಗಿನಿ ಇದ್ದರೂ, ಹಂದಿ ಇದ್ದರೂ ಈ ಪ್ರಾಣಿ ಆಫ್ರಿಕದ್ದೂ ಅಲ್ಲ, ಹಂದಿಯೂ ಅಲ್ಲ. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಸೀಮೆಯಲ್ಲಿ ಪಳಗಿದ ದಂಶಕ ಅದು. ಕೇವಲ ಧಾನ್ಯ ಮತ್ತು ಬ್ರೆಡ್ಡು ತಿಂದ ಗಿನಿಹಂದಿಗಳಲ್ಲಿ ನಿರೀಕ್ಷಿಸಿದ್ದ ಬೆರಿಬೆರಿ ಕಾಣಲಿಲ್ಲ. ಬದಲಿಗೆ ಒಸಡು ಮತ್ತು ಕೀಲುಗಳ ಸುತ್ತ ರಕ್ತಸ್ರಾವ, ಸಡಿಲವಾದ ಹಲ್ಲು, ಸುಲಭವಾಗಿ ಮುರಿಯುವ ಎಲುಬು ಕಂಡವು. ಇವು ಹಡಗುಯಾನದ ಹಳೆಯ ಶತ್ರುವಾದ ಸ್ಕರ್ವಿಯ ಲಕ್ಷಣಗಳು. ಎಲೆಕೋಸು, ನಿಂಬೆರಸ ಮುಂತಾದ ತಾಜಾ ಪದಾರ್ಥಗಳನ್ನು ಕೊಟ್ಟಾಗ ರೋಗ ತಡೆಯಲ್ಪಟ್ಟಿತು. 1907ರಲ್ಲಿ ಪ್ರಕಟವಾದ ಈ ಪ್ರಯೋಗ ಸ್ಕರ್ವಿಯನ್ನು ಪ್ರಯೋಗಾಲಯಕ್ಕೆ ತಂದಿತು. 1932ರಲ್ಲಿ ಸೆಂಟ್-ಜ್ಯೋರ್ಜಿ ಮತ್ತು ಸ್ವಿರ್ಬೆಲಿ, ಬೇರೆಯಾಗಿ ಚಾರ್ಲ್ಸ್ ಗ್ಲೆನ್ ಕಿಂಗ್, ಆ ತಡೆಯ ದ್ರವ್ಯವನ್ನು ಗುರುತಿಸಿದಾಗಲೂ ಪರೀಕ್ಷೆಗೆ ಒದಗಿದ್ದು ಗಿನಿಹಂದಿಯೇ.

ಸೂಕ್ಷ್ಮದರ್ಶಕದ ಕೆಳಗೆ ಕೊರತೆ ಹೇಗೆ ಕಾಣುತ್ತದೆ ಎಂಬುದನ್ನು ಅಮೆರಿಕದ ಸಂಶೋಧಕರಾದ ವೋಲ್ಬಾಕ್ ಮತ್ತು ಹೋವ್ 1926ರಲ್ಲಿ ವಿವರಿಸಿದರು. ಸ್ಕರ್ವಿಪೀಡಿತ ಗಿನಿಹಂದಿಯ ಗಾಯದಲ್ಲಿ ನಾರು ಹುಟ್ಟಿಸಬೇಕಾದ ಕೋಶಗಳು ಬಂದು ಸೇರುತ್ತವೆ, ಆದರೆ ಅವುಗಳ ನಡುವೆ ನಾರು ಕಾಣುವುದಿಲ್ಲ. ಕಿತ್ತಳೆ ರಸ ಕೊಟ್ಟ ಅಲ್ಪಾವಧಿಯಲ್ಲಿಯೇ ಅದೇ ಜಾಗದಲ್ಲಿ ನಾರು ಮೂಡತೊಡಗುತ್ತದೆ. ಕೋಶಗಳು ಸತ್ತಿರಲಿಲ್ಲ, ಕಾಯುತ್ತಿದ್ದವು ಎಂಬುದು ಇದರ ಅರ್ಥ.

ಹಳೆಯ ಗಾಯದ ಕಲೆಗೂ ಇದೇ ನ್ಯಾಯ ಅನ್ವಯಿಸುತ್ತದೆ. ಮೇಲುನೋಟಕ್ಕೆ ಮುಗಿದ ಕೆಲಸದಂತೆ ಕಾಣುವ ಕಲೆಯಲ್ಲಿ ನಾರು ಸವೆಯುತ್ತ, ಹೊಸದಾಗಿ ಹುಟ್ಟುತ್ತ ಇರುತ್ತದೆ. 1740ರಿಂದ 1744ರವರೆಗೆ ನಡೆದ ಜಾರ್ಜ್ ಆನ್ಸನ್‌ನ ನೌಕಾಯಾನದ ವೃತ್ತಾಂತದಲ್ಲಿ, 1690ರ ಬಾಯ್ನ್ ಕದನದಲ್ಲಿ ಗಾಯಗೊಂಡಿದ್ದ ಒಬ್ಬ ವೃದ್ಧನ ಗಾಯ ಸ್ಕರ್ವಿಯಿಂದ ಮತ್ತೆ ಬಾಯಿಬಿಟ್ಟಿತೆಂಬ ದಾಖಲೆಯಿದೆ. ಅರ್ಧ ಶತಮಾನದ ಕಲೆ ಬಿಚ್ಚಿಕೊಂಡದ್ದು ಪವಾಡವಲ್ಲ. ಸವೆತ ನಡೆದೇ ಇತ್ತು, ದುರಸ್ತಿ ನಿಂತಿತ್ತು.

ಕೊರತೆಗಳೆಲ್ಲವೂ ಒಂದೇ ಬಗೆಯಲ್ಲಿ ಅಂಗಾಂಶವನ್ನು ಕೆಡಿಸುವುದಿಲ್ಲ. ಸ್ಕರ್ವಿಯಲ್ಲಿ ಬೆಳೆಯುವ ಎಲುಬಿನ ತುದಿಯಲ್ಲಿ ಸುಣ್ಣಗಟ್ಟಿದ ಮೃದ್ವಸ್ಥಿ ಉಳಿದುಬಿಡುತ್ತದೆ, ಅದರ ಮೇಲೆ ಎಲುಬಿನ ಹಂದರ ಏಳುವುದಿಲ್ಲ. ‘ಡಿ’ ಜೀವಸತ್ವದ ಕೊರತೆಯಾದ ರಿಕೆಟ್ಸ್‌ನಲ್ಲಿ ಇದರ ವಿಪರ್ಯಾಸ: ಕೊಲಾಜೆನ್ ಹಂದರ ಏಳುತ್ತದೆ, ಅದಕ್ಕೆ ಸುಣ್ಣ ಕೂಡುವುದಿಲ್ಲ. ‘ಎ’ ಜೀವಸತ್ವ ತಪ್ಪಿದ ಕರುಗಳಲ್ಲಿ ಎಲುಬಿನ ಆಕಾರವೇ ಕೆಟ್ಟು, ಕಣ್ಣಿನ ನರ ಹಾಯುವ ರಂಧ್ರ ಕಿರಿದಾಗಿ ಕುರುಡು ಬರಬಹುದು. ಜೀವಸತ್ವವಲ್ಲದಿದ್ದರೂ ತಾಮ್ರವನ್ನು ಇಲ್ಲಿ ನೆನೆಯಬೇಕು. ಹೊಸೆದ ನಾರುಗಳನ್ನು ಪರಸ್ಪರ ಬೆಸೆಯುವ ಕಿಣ್ವಕ್ಕೆ ತಾಮ್ರ ಬೇಕು. ಅದಿಲ್ಲದೆ ಬೆಳೆದ ಕೋಳಿಮರಿ ಮತ್ತು ಹಂದಿಮರಿಗಳಲ್ಲಿ ಮಹಾಧಮನಿ ಒಡೆದ ನಿದರ್ಶನಗಳಿವೆ.

ಹಾಗಾದರೆ ಧಾನ್ಯವನ್ನೇ ತಿಂದು ಬದುಕುವ ಇಲಿಗೆ ಸ್ಕರ್ವಿ ಏಕಿಲ್ಲ? ಇಲಿ, ಹಸು, ಮೇಕೆ, ನಾಯಿ ಮುಂತಾದ ಹೆಚ್ಚಿನ ಸಸ್ತನಿಗಳು ತಮ್ಮ ಯಕೃತ್ತಿನಲ್ಲಿ ಗ್ಲೂಕೋಸಿನಿಂದ ‘ಸಿ’ ಜೀವಸತ್ವವನ್ನು ತಾವೇ ತಯಾರಿಸಿಕೊಳ್ಳುತ್ತವೆ. ಈ ತಯಾರಿಕೆಯ ಕೊನೆಯ ಹಂತದ ಕಿಣ್ವದ ವಂಶವಾಹಿ ಗಿನಿಹಂದಿಯಲ್ಲಿಯೂ, ಮನುಷ್ಯನೂ ಸೇರಿದಂತೆ ಕೋತಿ ಮತ್ತು ವಾನರಗಳಲ್ಲಿಯೂ ಕೆಟ್ಟು ಕೇವಲ ಅವಶೇಷವಾಗಿ ಉಳಿದಿದೆ. ಈ ನಷ್ಟ ಬೇರೆ ಬೇರೆ ವಂಶಗಳಲ್ಲಿ ಬೇರೆ ಬೇರೆಯಾಗಿ ಸಂಭವಿಸಿದ್ದು. ಬಾವಲಿಗಳಲ್ಲಿ, ಹಾಡುಹಕ್ಕಿಗಳಲ್ಲಿ ಅನೇಕವುಗಳಿಗೆ ಈ ಸಾಮರ್ಥ್ಯವಿಲ್ಲ. ಬಾಲದ ಬುಡ ಕೆಂಪಾಗಿರುವ ನಮ್ಮ ಹಿತ್ತಲ ಪಿಕಳಾರಕ್ಕೂ ಇದಿಲ್ಲವೆಂದು 1958ರಲ್ಲಿ ಕಲ್ಕತ್ತೆಯಲ್ಲಿ ರಾಯ್ ಮತ್ತು ಗುಹ ತೋರಿಸಿದರು. ಹಣ್ಣು ತಿನ್ನುವ ಹಕ್ಕಿಗೆ ಈ ನಷ್ಟ ದಿನಬಳಕೆಯಲ್ಲಿ ತಿಳಿಯುವುದೇ ಇಲ್ಲ. ಹಣ್ಣು ತಪ್ಪಿದಾಗ ಮಾತ್ರ ತಿಳಿಯುತ್ತದೆ.

ಇದರ ವ್ಯಾವಹಾರಿಕ ಫಲಗಳು ಸಣ್ಣವಲ್ಲ. ಗಿನಿಹಂದಿಗೆ ದಿನವೊಂದಕ್ಕೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ಸುಮಾರು 10 ಮಿಲಿಗ್ರಾಮ್ ‘ಸಿ’ ಜೀವಸತ್ವ ಬೇಕು. ಗರ್ಭಿಣಿಗೆ ಇನ್ನೂ ಹೆಚ್ಚು. ಮೊಲಕ್ಕೆಂದು ತಯಾರಾದ ಆಹಾರದಲ್ಲಿ ಇದನ್ನು ಬೆರೆಸುವ ಅಗತ್ಯವಿಲ್ಲವಾದ್ದರಿಂದ, ಅದನ್ನೇ ತಿಂದ ಗಿನಿಹಂದಿ ಕೆಲವೇ ವಾರಗಳಲ್ಲಿ ಕುಂಟತೊಡಗುತ್ತದೆ, ಮುಟ್ಟಿದರೆ ನೋವಿನಿಂದ ಚೀರುತ್ತದೆ. ಬೆರೆಸಿದ ಆಹಾರವೂ ಶಾಖ, ತೇವ, ದೀರ್ಘ ಸಂಗ್ರಹಗಳಿಂದ ಸತ್ವ ಕಳೆದುಕೊಳ್ಳುತ್ತದೆ. ಸಾಕಣೆಯ ಟ್ರೌಟ್ ಮತ್ತು ಸಾಲ್ಮನ್ ಮೀನುಗಳಲ್ಲಿ ಇದೇ ಕೊರತೆ ಬೆನ್ನೆಲುಬನ್ನು ಡೊಂಕಾಗಿಸುತ್ತದೆ, ಕಿವಿರಿನ ಮೃದ್ವಸ್ಥಿಯನ್ನು ವಿರೂಪಗೊಳಿಸುತ್ತದೆ. ಆದ್ದರಿಂದಲೇ ಮೀನಿನ ಆಹಾರದಲ್ಲಿ ಜೀವಸತ್ವದ ಹೆಚ್ಚು ಸ್ಥಿರವಾದ ಫಾಸ್ಫೇಟ್ ರೂಪವನ್ನು ಬಳಸಲಾಗುತ್ತದೆ. ಇತ್ತ ಆರೋಗ್ಯವಂತ ಹಸುವೊಂದು ಕುಂಟಿದರೆ ಸ್ಕರ್ವಿಯನ್ನು ಶಂಕಿಸುವುದಕ್ಕೆ ಕಾರಣವಿಲ್ಲ. ಅಲ್ಲಿ ಖನಿಜಗಳ ಕಡೆಗೋ ಸೋಂಕಿನ ಕಡೆಗೋ ನೋಡಬೇಕಾಗುತ್ತದೆ.

ಅಣುಮಟ್ಟದ ವಿವರಣೆ ಇಷ್ಟು ಚೊಕ್ಕಟವಾಗಿದ್ದರೂ ಇಡೀ ಪ್ರಾಣಿಯ ವಿಷಯದಲ್ಲಿ ಅದೊಂದೇ ಸಾಲದು. ಸ್ಕರ್ವಿಪೀಡಿತ ಗಿನಿಹಂದಿ ಮೇವು ಬಿಟ್ಟು ಸೊರಗುತ್ತದೆ. ಹೀಗೆ ತೂಕ ಇಳಿಯುವ ಹಂತದಲ್ಲಿ ಕೊಲಾಜೆನ್ ಎಳೆಗಳ ಉತ್ಪಾದನೆಯೇ ಕುಗ್ಗುತ್ತದೆಂದೂ, ಜೀವಸತ್ವ ಸಾಕಷ್ಟಿದ್ದು ಕೇವಲ ಉಪವಾಸವಿದ್ದ ಪ್ರಾಣಿಯಲ್ಲಿಯೂ ಅದೇ ಕುಗ್ಗುವಿಕೆ ಕಾಣುತ್ತದೆಂದೂ ನಂತರದ ಪ್ರಯೋಗಗಳು ತೋರಿಸಿದವು. ಹುರಿ ಕೂಡದಿರುವುದು ಒಂದು ದೋಷ, ಎಳೆಯೇ ಕಡಿಮೆಯಾಗುವುದು ಇನ್ನೊಂದು. ರೋಗದಲ್ಲಿ ಇವೆರಡೂ ಬೆರೆತಿರುತ್ತವೆ.

ಒಟ್ಟಿನಲ್ಲಿ ‘ಕೊರತೆ’ ಎಂಬುದು ಆಹಾರದ ಗುಣ ಮಾತ್ರವಲ್ಲ, ಆಹಾರ ಮತ್ತು ಅದನ್ನು ತಿನ್ನುವ ಜೀವದ ನಡುವಿನ ಸಂಬಂಧ. ಒಂದೇ ಹಿಡಿ ಕಾಳು ಇಲಿಯ ಪಾಲಿಗೆ ಪೂರ್ಣಾಹಾರವಾಗಬಹುದು, ಗಿನಿಹಂದಿಯ ಪಾಲಿಗೆ ಮರಣವಾಗಬಹುದು. ಹೋಲ್ಸ್ಟ್ ಮತ್ತು ಫ್ರೋಲಿಕ್ ಅಂದು ಗಿನಿಹಂದಿಯ ಬದಲು ಇಲಿಯನ್ನು ಆರಿಸಿಕೊಂಡಿದ್ದರೆ ಧಾನ್ಯದ ಆಹಾರದಲ್ಲಿ ಸ್ಕರ್ವಿಯ ಸುಳಿವೇ ಸಿಗುತ್ತಿರಲಿಲ್ಲ. ಯಾವ ಜೀವಸತ್ವ ತಪ್ಪಿದೆ ಎಂದು ಕೇಳುವ ಮೊದಲು ಯಾವ ಪ್ರಾಣಿಗೆ ತಪ್ಪಿದೆ ಎಂದು ಕೇಳಬೇಕಾದದ್ದು ಈ ಕಾರಣದಿಂದಲೇ.