ಜೀಪಿನಲ್ಲಿ ಬಿಡಾರ

ಪ್ರವಾಸ ಹೋಗುವುದು ಬೇರೆ, ಬಿಡಾರ ಕಟ್ಟಿಕೊಂಡು ಹೋಗುವುದು ಬೇರೆ. ಮೊದಲನೆಯದಕ್ಕೆ ಕೈಯಲ್ಲೊಂದು ಚೀಲ, ಜೇಬಿನಲ್ಲಿ ಒಂದಿಷ್ಟು ಹಣ ಇದ್ದರೆ ಸಾಕು. ಊಟ ಹೋಟೆಲಿನಲ್ಲಿ, ನಿದ್ದೆ ವಸತಿಗೃಹದಲ್ಲಿ ಆಗಿಹೋಗುತ್ತದೆ. ಎರಡನೆಯದರಲ್ಲಿ ಒಲೆ, ನೀರು, ಹಾಸಿಗೆ, ಸೂರು ಎಲ್ಲವೂ ಪ್ರಯಾಣಿಕನ ಜೊತೆಯಲ್ಲೇ ಸಾಗಬೇಕು. ನಾಲ್ಕು ಚಕ್ರಗಳಿಗೂ ಎಂಜಿನಿನ ಬಲ ಮುಟ್ಟುವ ಸಣ್ಣ ವಾಹನಗಳಲ್ಲಿ ಹೀಗೆ ಸಂಸಾರ ಹೇರಿಕೊಂಡು ನಮ್ಮ ಸೀಮೆಯ ಬೆಟ್ಟಗಳಿಗೆ ಬರುವ ಪೇಟೆಯ ಜನ ಈಗೀಗ ಬಹಳ ಮಂದಿ. ಅಂತಹ ವಾಹನದಲ್ಲಿ ಏನನ್ನು ಒಯ್ಯಬೇಕು, ಒಯ್ದದ್ದನ್ನು ಎಲ್ಲಿ ಇಡಬೇಕು, ಹೇಗೆ ಕಟ್ಟಬೇಕು ಎಂಬುದನ್ನು ನನಗೆ ತಿಳಿದಮಟ್ಟಿಗೆ ಇಲ್ಲಿ ವಿವರಿಸುತ್ತೇನೆ.

ಇತಿಹಾಸ, ಅರ್ಥಶಾಸ್ತ್ರ ಓದುವ ಹುಡುಗನಿಗೆ ಈ ವಿಷಯದಲ್ಲಿ ಏನು ಅಧಿಕಾರವೆಂದು ವಾಚಕರು ಕೇಳಬಹುದು. ನನ್ನ ಸೋದರಮಾವನಿಗೆ ತರೀಕೆರೆಯಲ್ಲಿ ಒಂದು ಬಾಡಿಗೆ ಜೀಪಿದೆ. ಹಳೆಯ ಮಹೀಂದ್ರಾ, ಮೇಲೆ ಕ್ಯಾನ್‌ವಾಸಿನ ಹೊದಿಕೆ, ಹಿಂದೆ ಎದುರುಬದುರು ಬೆಂಚು. ರಜೆ ಬಂದಾಗಲೆಲ್ಲ ನಾನು ಅದರ ಕ್ಲೀನರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಮೂರು ವರ್ಷದ ಫೀಸಿನಲ್ಲಿ ಹೆಚ್ಚಿನ ಪಾಲು ಈ ಜೀಪಿನ ಬಾಡಿಗೆಯಿಂದಲೇ ಬಂದದ್ದು. ಭಾರ ಮೀರಿ ಒಂದು ಸ್ಪ್ರಿಂಗ್ ಪಟ್ಟಿ ಮುರಿಯಿತೆಂದರೆ ಮೂರು ನಾಲ್ಕು ದಿನ ಜೀಪು ಗ್ಯಾರೇಜಿನಲ್ಲಿ, ಅಷ್ಟು ದಿನವೂ ಮನೆಗೆ ಸಂಪಾದನೆಯಿಲ್ಲ. ಆದ್ದರಿಂದ ಸಾಮಾನು ಹೇರುವುದು ನಮಗೆ ಹವ್ಯಾಸದ ಮಾತಲ್ಲ.

ಮೊದಲು ನೆಲದ ವಿಚಾರ. ಕಡೂರು, ಅಜ್ಜಂಪುರ, ತರೀಕೆರೆ ಒಂದಕ್ಕೊಂದು ಅಂಟಿಕೊಂಡ ತಾಲ್ಲೂಕುಗಳು. ಅಜ್ಜಂಪುರವಂತೂ ಮೊನ್ನೆ ಮೊನ್ನೆಯವರೆಗೆ ತರೀಕೆರೆಗೇ ಸೇರಿತ್ತು. ಆದರೂ ಇವು ಮೂರು ಬೇರೆ ಬೇರೆ ಪ್ರಪಂಚ. ಕಡೂರಿನದು ರಾಗಿ, ತೆಂಗುಗಳ ಬಯಲುಸೀಮೆ. ಬೇಸಗೆಯಲ್ಲಿ ಕುಡಿಯುವ ನೀರಿಗೇ ತತ್ತರ. ಅಜ್ಜಂಪುರದ ಕಡೆ ಎರೆಭೂಮಿ. ಒಣಗಿದಾಗ ಸಿಮೆಂಟಿನಂತೆ, ನೆನೆದಾಗ ಅಂಟಿನಂತೆ. ತರೀಕೆರೆ ದಾಟಿ ಲಿಂಗದಹಳ್ಳಿಯ ಮೇಲೆ ಹೋದರೆ ಮಲೆನಾಡಿನ ಬಾಗಿಲು ತೆರೆಯುತ್ತದೆ. ಕಲ್ಲತ್ತಿಗಿರಿಯ ಅಬ್ಬಿ, ಅದರ ಮೇಲೆ 1434 ಮೀಟರು ಎತ್ತರದ ಕೆಮ್ಮಣ್ಣುಗುಂಡಿ. ಕಡೂರಿನಲ್ಲಿ ಜನ ಮುಗಿಲು ನೋಡುತ್ತ ಕುಳಿತಿರುವ ದಿನಗಳಲ್ಲೇ ಅಲ್ಲಿ ಜಡಿಮಳೆ. ಎರಡು ರಾತ್ರಿಯ ಸಣ್ಣ ಪ್ರಯಾಣದಲ್ಲಿ ಈ ಮೂರೂ ಎದುರಾಗುತ್ತವೆ. ಒಂದು ಕಡೆ ನೀರಿಲ್ಲ, ಒಂದು ಕಡೆ ನೆಲ ಹಿಡಿದುಕೊಳ್ಳುತ್ತದೆ, ಒಂದು ಕಡೆ ಒಣಗಿದ ಸೌದೆಯ ಚೂರೂ ಸಿಕ್ಕುವುದಿಲ್ಲ. ಇದನ್ನೆಲ್ಲ ನೆನೆದು ಹೆದರಿದವನು ಸಿಕ್ಕಿದ್ದನ್ನೆಲ್ಲ ತುಂಬಿಕೊಳ್ಳುತ್ತಾನೆ. ತೊಂದರೆ ಶುರುವಾಗುವುದು ಅಲ್ಲಿಂದಲೇ.

ಏಕೆಂದರೆ ಸಣ್ಣ ವಾಹನ ಹೊರುವ ಭಾರ ನಾವು ಎಣಿಸಿದ್ದಕ್ಕಿಂತ ಬಹಳ ಕಡಿಮೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯಕ್ಕಾಗಿ ತಯಾರಾದ ಮೂಲ ಜೀಪಿಗೆ ಕಾಗದಪತ್ರಗಳಲ್ಲಿದ್ದ ಹೆಸರೇ ‘ಕಾಲು ಟನ್ನಿನ ಲಾರಿ’. ಆಳುಗಳೂ ಸೇರಿ ಅದರ ಮೇಲೆ ಹೇರಬಹುದಾಗಿದ್ದುದು 800 ಪೌಂಡು, ಅಂದರೆ ಸುಮಾರು 360 ಕಿಲೋ. 2023ರಲ್ಲಿ ನಮ್ಮ ಮಾರುಕಟ್ಟೆಗೆ ಬಂದ ಮಾರುತಿ ಜಿಮ್ನಿಯನ್ನು ನೋಡಿ: ಖಾಲಿ ತೂಕ 1200 ಕಿಲೋ ಆಸುಪಾಸು, ಎಲ್ಲ ಸೇರಿ ಮೀರಬಾರದ ತೂಕ 1545. ಉಳಿಯುವುದು 340ರ ಸುಮಾರು. ಎಂಬತ್ತು ವರ್ಷಗಳಲ್ಲಿ ಎಂಜಿನು ಬದಲಾಯಿತು, ಗಾಜು ತಾನಾಗಿ ಏರಿಳಿಯುವಂತಾಯಿತು. ಬೆನ್ನಿನ ಮೇಲೆ ಹೊರುವ ಶಕ್ತಿ ಮಾತ್ರ ಅಲ್ಲಿಗಲ್ಲಿಗೇ ನಿಂತಿದೆ. ಎಲ್ಲ ಸೀಟುಗಳನ್ನೂ ಎತ್ತಿಟ್ಟರೆ ಆ ಜಿಮ್ನಿಯ ಹಿಂಭಾಗದಲ್ಲಿ ಉಳಿಯುವ ಜಾಗ 208 ಲೀಟರು. ನಮ್ಮ ಮನೆಯ ನೀರಿನ ಡ್ರಮ್ಮಿನಷ್ಟು!

ಈಗ ಲೆಕ್ಕ ಹಾಕೋಣ. ನಾಲ್ವರು ವಯಸ್ಕರು, ತಲೆಗೆ 60 ಕಿಲೋ ಎಂದು ಹಿಡಿದರೂ 240. ಕುಡಿಯಲು, ಅಡಿಗೆಗೆ, ಮುಖ ತೊಳೆಯಲು ಒಬ್ಬರಿಗೆ ದಿನಕ್ಕೆ ಐದು ಲೀಟರಿನಂತೆ ಎರಡು ದಿನಕ್ಕೆ 40 ಲೀಟರು ನೀರು. ಅದರ ತೂಕವೂ 40 ಕಿಲೋ. ದಿನಸಿ 15, ಒಲೆ ಪಾತ್ರೆ 15, ಡೇರೆ ಹಾಸಿಗೆ 25, ರಿಪೇರಿ ಸಲಕರಣೆ 20. ಒಟ್ಟು 355 ಕಿಲೋ. ಮಡಿಸುವ ಕುರ್ಚಿ, ಐಸು ತುಂಬಿದ ಡಬ್ಬ, ಹಾಡಿನ ಪೆಟ್ಟಿಗೆ ಯಾವುದೂ ಇದರಲ್ಲಿ ಸೇರಿಲ್ಲ. ಐದನೆಯವರು ‘ನಾನೂ ಬರುತ್ತೇನೆ’ ಎಂದರೆ ಡೇರೆಯನ್ನೋ ನೀರನ್ನೋ ಮನೆಯಲ್ಲಿ ಬಿಡಬೇಕಾಗುತ್ತದೆ. ಮಾವ ಇದನ್ನು ಬಾಯಿಮಾತಿಗೆ ಬಿಡುವುದಿಲ್ಲ. ಪರಿಚಯದ ಅಡಿಕೆ ಮಂಡಿಯ ತಕ್ಕಡಿಯ ಮೇಲೆ ಒಂದೊಂದು ಗಂಟನ್ನೂ ಇಟ್ಟು, ಸೀಮೆಸುಣ್ಣದಲ್ಲಿ ತೂಕ ಬರೆಯಿಸುತ್ತಾರೆ. ಏಳನೆಯ ತರಗತಿಗೆ ಶಾಲೆ ಬಿಟ್ಟವರು. ಕೂಡುವ ಕೆಲಸ ನನಗೆ, ‘ಇದು ಬೇಡ, ಇಳಿಸು’ ಎಂದು ತೀರ್ಮಾನಿಸುವ ಕೆಲಸ ಅವರಿಗೆ.

ಎಷ್ಟು ಎಂಬುದು ಮುಗಿದ ಮೇಲೆ ಎಲ್ಲಿ ಎಂಬುದು. ಈ ವಿದ್ಯೆ ಮಾವನಿಗೆ ಬಂದದ್ದು ಅಜ್ಜನಿಂದ, ಎತ್ತಿನ ಗಾಡಿಯಿಂದ. ಅಜ್ಜ ಅಜ್ಜಂಪುರದ ಕಡೆಯ ಹಳ್ಳಿಯಲ್ಲಿ ಗಾಡಿ ಹೊಡೆಯುತ್ತಿದ್ದವರು. ಎರಡು ಗಾಲಿಯ ಗಾಡಿಯಲ್ಲಿ ಭಾರ ಮುಂದಾದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ. ಹಿಂದಾದರೆ ಮೂಕಿ ಮೇಲೆದ್ದು ಕೊರಳ ಹಗ್ಗ ಗಂಟಲು ಹಿಸುಕುತ್ತದೆ. ಆದ್ದರಿಂದ ಮೂಟೆ ಹೇರುವಾಗ ಅಜ್ಜ ಮೂಕಿಯನ್ನು ಕೈಯಲ್ಲಿ ಎತ್ತಿ ಎತ್ತಿ ನೋಡುತ್ತಿದ್ದರಂತೆ. ಅಚ್ಚಿನ ನೇರಕ್ಕೆ ಭಾರ ಕೂತು, ಮೂಕಿ ಒಂದಿಷ್ಟೇ ಮುಂದಕ್ಕೆ ಜಗ್ಗಬೇಕು.

ಅಜ್ಜಂಪುರದಲ್ಲಿ 1929ರಲ್ಲಿ ಸ್ಥಾಪನೆಯಾದ ಅಮೃತಮಹಲ್ ತಳಿ ಸಂವರ್ಧನ ಕೇಂದ್ರವನ್ನು ನಮ್ಮವರು ಅನೇಕರು ನೋಡಿದ್ದೀರಿ. ಆ ತಳಿಯ ಚರಿತ್ರೆಯೂ ಸಾಮಾನು ಸಾಗಣೆಯ ಚರಿತ್ರೆಯೇ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎಂದಿದ್ದುದು ಟಿಪ್ಪುವಿನ ಕಾಲದಲ್ಲಿ ‘ಅಮೃತಮಹಲ್’ ಆಯಿತು. ಫಿರಂಗಿಯನ್ನೂ ದಂಡಿನ ಸಾಮಾನನ್ನೂ ಎಳೆದದ್ದು ಈ ಎತ್ತುಗಳು. ಇವುಗಳ ಬಲದಿಂದ ಹೈದರಾಲಿ ಎರಡೂವರೆ ದಿನದಲ್ಲಿ 100 ಮೈಲಿ ಸಾಗಿ ಚಿದಂಬರದ ನೆರವಿಗೆ ಹೋದನೆಂದು ಚರಿತ್ರೆಕಾರರು ಬರೆಯುತ್ತಾರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಈ ಹಿಂಡನ್ನು ಬಿಡದೆ ತಮ್ಮ ಸೈನ್ಯಕ್ಕೆ ಇಟ್ಟುಕೊಂಡದ್ದೂ ಇದೇ ಗುಣಕ್ಕೆ. ಎತ್ತು ಎಷ್ಟೇ ಚುರುಕಾಗಿದ್ದರೂ ಭಾರ ಹದವಾಗಿ ಕೂರದಿದ್ದರೆ ಆ ನಡಿಗೆ ಸಾಧ್ಯವಿರಲಿಲ್ಲವೆಂದು ಅಜ್ಜನ ವಾದ.

ಜೀಪಿಗೆ ನಾಲ್ಕು ಗಾಲಿ ಇರುವುದರಿಂದ ಮೂಕಿ ಎತ್ತಿ ನೋಡುವ ಸೌಕರ್ಯವಿಲ್ಲ. ನ್ಯಾಯ ಮಾತ್ರ ಅದೇ. ಭಾರವೆಲ್ಲ ಹಿಂದಿನ ಅಚ್ಚಿನ ಆಚೆಗೆ ಬಿದ್ದರೆ ಮುಂಗಾಲಿಗಳು ಹಗುರಾಗಿ, ಏರಿನಲ್ಲಿ ಸ್ಟಿಯರಿಂಗು ಹೇಳಿದ ಮಾತು ಕೇಳುವುದಿಲ್ಲ. ಮುಂಗಾಲಿಗೂ ಬಲ ಕೊಟ್ಟು ಎಳೆಯಿಸುವ ಉದ್ದೇಶವೇ ವ್ಯರ್ಥವಾಗುತ್ತದೆ. ಆದ್ದರಿಂದ ಅತಿ ಭಾರವಾದದ್ದು ಎರಡು ಅಚ್ಚುಗಳ ನಡುವೆ, ನೆಲಕ್ಕೆ ಒತ್ತಿ ಇರಬೇಕು. ನಮ್ಮ ಜೀಪಿನಲ್ಲಿ ಇಪ್ಪತ್ತು ಲೀಟರಿನ ಎರಡು ನೀರಿನ ಕ್ಯಾನುಗಳು ಮುಂದಿನ ಸೀಟಿನ ಬೆನ್ನಿಗೆ ತಾಗಿ, ಎಡಕ್ಕೊಂದು ಬಲಕ್ಕೊಂದು ಕೂರುತ್ತವೆ. ನೀರು ಒಂದೇ ದೊಡ್ಡ ಪಾತ್ರೆಯಲ್ಲಿದ್ದು ಅರ್ಧ ಖಾಲಿಯಾದರೆ ತಿರುವಿನಲ್ಲಿ ತುಳುಕಿ ಜೀಪನ್ನೇ ಜಗ್ಗುತ್ತದೆ. ಒಂದು ಸೋರಿದರೂ ಇನ್ನೊಂದು ಉಳಿಯಲೆಂಬ ಮುನ್ನೆಚ್ಚರಿಕೆಯೂ ಇದೆ. ಅವುಗಳ ಹಿಂದೆ ಸಲಕರಣೆಯ ಕಬ್ಬಿಣದ ಪೆಟ್ಟಿಗೆ, ಅದರ ಹಿಂದೆ ಅಡಿಗೆಯ ಟ್ರಂಕು, ಎಲ್ಲಕ್ಕೂ ಮೇಲೆ ಹಗುರವಾದ ಹಾಸಿಗೆ. ಬಾಗಿಲ ಬಳಿ ಕೊನೆಗೆ ಇಡುವುದು ಟಾರ್ಪಾಲು ಮತ್ತು ಟಾರ್ಚು. ಮಳೆಯಲ್ಲಿ ಇಳಿದವನಿಗೆ ಮೊದಲು ಬೇಕಾಗುವುದು ಇವೆರಡೇ.

ಮಾಡಿನ ಮೇಲೆ ಹೇರುವುದನ್ನು ಮಾವ ಎಂದೂ ಒಪ್ಪಿದವರಲ್ಲ. ಹೋದ ವರ್ಷ ದಸರಾ ರಜೆಯಲ್ಲಿ ಕಲ್ಲತ್ತಿಗಿರಿಯ ಕಡೆ ಏರುವಾಗ, ನಮ್ಮ ಮುಂದೆ ಹೋಗುತ್ತಿದ್ದ ಹೊರಊರಿನ ವಾಹನವೊಂದು ಒಂದು ತಿರುವಿನಲ್ಲಿ ಕುಸಿದ ಅಂಚಿಗೆ ಗಾಲಿ ಇಳಿಸಿ, ಪಕ್ಕಕ್ಕೆ ಓಲಿ ನಿಂತಿತು. ಮೇಲಿನ ಹಿಂಬದಿ ಚಕ್ರ ಗೇಣುದ್ದ ಗಾಳಿಯಲ್ಲಿ! ಒಳಗೆ ಇಬ್ಬರು ಮಕ್ಕಳಿದ್ದರು. ಮಾವ ಜೀಪಿನಿಂದ ಹಾರಿ, ಎಲ್ಲರನ್ನೂ ಮೇಲಿನ ಬದಿಯ ಬಾಗಿಲಿಂದ ಒಬ್ಬೊಬ್ಬರಾಗಿ ಇಳಿಸಿದರು. ಆಮೇಲೆ ವಾಹನವನ್ನು ನಮ್ಮ ಜೀಪಿಗೂ ಒಂದು ಮರಕ್ಕೂ ಹಗ್ಗದಿಂದ ಬಿಗಿದು, ಮಾಡಿನ ಮೇಲಿದ್ದುದನ್ನು ಇಳಿಸಿದೆವು: ಡೇರೆ, ನಾಲ್ಕು ಕುರ್ಚಿ, ತುಂಬಿದ ಎರಡು ನೀರಿನ ಕ್ಯಾನು, ಒಂದು ಕಬ್ಬಿಣದ ಒಲೆ. ‘ಒಂದು ಮೂಟೆ ಅಕ್ಕಿ ಮೀರಿದೆ, ನೋಡೋ’ ಎಂದರು ಮಾವ. ಕೊನೆಯ ಕ್ಯಾನು ಇಳಿಯುತ್ತಿದ್ದಂತೆ ಎದ್ದಿದ್ದ ಚಕ್ರ ತಾನಾಗಿಯೇ ನೆಲಕ್ಕೆ ಕೂತಿತು. ಅದೇ ಐವತ್ತು ಕಿಲೋ ಕಾಲ ಬುಡದಲ್ಲಿ ಇದ್ದಿದ್ದರೆ ಆ ಕುಸಿತವನ್ನು ವಾಹನ ತಡೆದುಕೊಳ್ಳುತ್ತಿತ್ತು.

ಕಟ್ಟುವ ವಿಚಾರ ಚಿಕ್ಕದು. ಯಾವ ವಸ್ತುವೂ ಒಳಗೆ ಹಾರುವಂತಿರಬಾರದು. ಸಡನ್ನಾಗಿ ಬ್ರೇಕು ಹಾಕಿದಾಗ ಹಿಂದಿನಿಂದ ಹಾರಿ ಬರುವ ಕುಕ್ಕರು ಯಾರ ತಲೆಯನ್ನೂ ನೋಡುವುದಿಲ್ಲ. ಹೊರಟು ಹತ್ತು ಕಿಲೋಮೀಟರಿಗೆ ಒಮ್ಮೆ ನಿಂತು ಹಗ್ಗ ಮತ್ತೆ ಬಿಗಿಯಬೇಕು, ಏಕೆಂದರೆ ಅಲುಗಾಟಕ್ಕೆ ಸಾಮಾನು ಅದುಮಿಕೊಂಡು ಹಗ್ಗ ಸಡಿಲವಾಗುತ್ತದೆ. ಗ್ಯಾಸಿನ ಸಣ್ಣ ಸಿಲಿಂಡರು ನೆಟ್ಟಗೆ ನಿಂತು, ಕೀಲಿ ಮುಚ್ಚಿ, ಗಾಳಿ ಆಡುವ ಕಡೆ ಇರಬೇಕು. ಡೇರೆಯ ಒಳಗೆ ಒಲೆ ಹಚ್ಚುವುದು ಸರ್ವಥಾ ಕೂಡದು.

ಅಡಿಗೆಗೆ ನಾವು ಒಯ್ಯುವುದು ರಾಗಿಹಿಟ್ಟು, ಅಕ್ಕಿ, ಹುರುಳಿಕಾಳು, ಅವಲಕ್ಕಿ, ಬೆಲ್ಲ, ಚಟ್ನಿಪುಡಿ, ಕಾಫಿಪುಡಿ; ಒಂದರೊಳಗೊಂದು ಕೂರುವ ಮೂರು ಪಾತ್ರೆ, ಒಂದು ಮುದ್ದೆ ಕೋಲು. ಗಾಜಿನ ಬಾಟಲಿಗೆ ಪ್ರವೇಶವಿಲ್ಲ. ಪೇಟೆಯವರು ತರುವ ನೀರು ಹೊಗದ ಚೀಲಗಳಿಗೆ ಬೆಲೆ ಬಹಳ. ಯೂರಿಯಾ ಚೀಲದ ಒಳಗಿನ ಪ್ಲಾಸ್ಟಿಕ್ಕನ್ನು ಚೆನ್ನಾಗಿ ತೊಳೆದು ಒಣಗಿಸಿ, ಅದರಲ್ಲಿ ಕಂಬಳಿ ತುಂಬಿ ಬಾಯಿ ಕಟ್ಟಿದರೆ ಕೆಮ್ಮಣ್ಣುಗುಂಡಿಯ ಮಳೆಯೂ ಒಳಹೊಗುವುದಿಲ್ಲ. ಇಂಬಳಕ್ಕೆ ಒಂದು ಪೊಟ್ಟಣ ಉಪ್ಪು ಬೇರೆಯಾಗಿ ಇರಲಿ. ಹಾವು ಕಡಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಡಿಸಿಕೊಂಡವರನ್ನು ನಡೆಸದೆ, ಮಲಗಿಸಿ, ನೇರವಾಗಿ ಆಸ್ಪತ್ರೆಗೆ. ಅದಕ್ಕಾಗಿಯೇ ಹಿಂದಿನ ಒಂದು ಬೆಂಚಿನ ಮೇಲೆ ಭಾರದ ವಸ್ತು ಇಡದೆ, ಥಟ್ಟನೆ ಖಾಲಿ ಮಾಡುವಂತೆ ಇಟ್ಟಿರುತ್ತೇವೆ.

ಎರೆಭೂಮಿಗೆಂದು ಸಲಕರಣೆಗಳಲ್ಲಿ ಕೆಲವು ವಿಶೇಷ: ಗಿಡ್ಡ ಹಿಡಿಯ ಸಲಿಕೆ, ಎರಡು ಗೋಣಿಚೀಲ, ಒಂದು ಅಗಲವಾದ ಹಲಗೆ. ಜಾಕನ್ನು ಬರಿಯ ಎರೆಯ ಮೇಲಿಟ್ಟು ತಿರುಗಿಸಿದರೆ ಜೀಪು ಏಳುವುದಿಲ್ಲ, ಜಾಕು ಇಳಿಯುತ್ತದೆ. ಹಲಗೆ ಇರುವುದು ಅದಕ್ಕೆ. ಗೋಣಿಯನ್ನು ಗಾಲಿಯ ಮುಂದೆ ಹಾಸಿದರೆ ಹಿಡಿತ ಸಿಗುತ್ತದೆ. ಮರಳಿನಲ್ಲಿ ಟೈರಿನ ಗಾಳಿ ಇಳಿಸಿದರೆ ಗಾಲಿಯ ಪಾದ ಅಗಲವಾಗಿ ಅನುಕೂಲವಾಗುತ್ತದೆ. ಟಾರು ರಸ್ತೆಗೆ ಬರುವ ಮೊದಲು ತುಂಬಲು ಪಂಪು ಜೊತೆಯಲ್ಲಿರಬೇಕು. ನೆನೆದ ಎರೆಯಲ್ಲಿ ಈ ಉಪಾಯದಿಂದ ಹೆಚ್ಚು ಪ್ರಯೋಜನವಿಲ್ಲ. ಟೈರಿನ ಹಲ್ಲುಗಳೆಲ್ಲ ಮಣ್ಣಿನಿಂದ ಮುಚ್ಚಿ ಗಾಲಿ ಬೋಳಾಗುತ್ತದೆ. ಮಳೆ ನಿಂತು ಮೇಲ್ಪದರ ಒಣಗುವ ತನಕ ಒಲೆ ಹಚ್ಚಿ ಕಾಫಿ ಕಾಯಿಸಿಕೊಳ್ಳುವುದೇ ಉತ್ತಮ. ಬೆಟ್ಟದ ಇಳಿಜಾರಿನಲ್ಲಿಯೂ ಅವಸರ ಸಲ್ಲದು; ಹತ್ತಿದ ಗೇರಿನಲ್ಲೇ ಇಳಿಯಬೇಕು. ಭಾರದ ಜೀಪನ್ನು ಬರೀ ಬ್ರೇಕಿನಲ್ಲಿ ಹಿಡಿದರೆ ಬ್ರೇಕು ಕಾದು, ಬೇಕಾದ ಹೊತ್ತಿಗೆ ಹಿಡಿಯುವುದಿಲ್ಲ.

ಇನ್ನು, ಬಿಡಾರ ಎಲ್ಲಿ? ಖಾಲಿ ಕಂಡ ನೆಲವೆಲ್ಲ ನಮ್ಮದಲ್ಲ. ಭದ್ರಾ ಅರಣ್ಯ 1998ರಿಂದ ಹುಲಿ ಯೋಜನೆಗೆ ಸೇರಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಭಯಾರಣ್ಯದಲ್ಲಿ ಅನುಮತಿಯಿಲ್ಲದೆ ಕಾಲಿಡುವುದು, ಬೆಂಕಿ ಹಾಕುವುದು ಅಪರಾಧ. ಹುಲ್ಲುಬಯಲೆಂದು ಉದಾಸೀನ ಮಾಡುವ ಅಮೃತಮಹಲ್ ಕಾವಲುಗಳೂ ಹಾಗೆಯೇ. ಕಡೂರು ಸೀಮೆಯ ಬಾಸೂರು ಕಾವಲು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು, ಅಲ್ಲಿ ಕೃಷ್ಣಮೃಗಗಳಿವೆ. ಬೇಸಗೆಯಲ್ಲಿ ಅಲ್ಲಿ ಬಿದ್ದ ಒಂದು ಕಿಡಿ ಎಷ್ಟು ದನಗಳ ಮೇವನ್ನು ತಿನ್ನುತ್ತದೆಂದು ಅಜ್ಜಂಪುರದ ರೈತರನ್ನು ಕೇಳಬೇಕು. ನಾವು ಇಳಿಯುವುದು ಪರಿಚಯದವರ ತೆಂಗಿನ ತೋಟದಲ್ಲಿ, ಅಡಿಕೆ ಕಣದಲ್ಲಿ. ಮನೆಯವರನ್ನು ಕೇಳಿಕೊಂಡು, ಹತ್ತು ಮಾತು ಆಡಿ. ಹಾಗೆ ಕೇಳಿದ ಕಡೆ ಬಾವಿಯ ನೀರೂ ಸಿಗುತ್ತದೆ, ಎಷ್ಟೋ ಸಲ ಮಜ್ಜಿಗೆಯೂ ಸಿಗುತ್ತದೆ. ನೀರು ಸಿಗುವುದು ಖಚಿತವಾದ ದಿನ ಒಂದು ಕ್ಯಾನನ್ನು ಖಾಲಿಯಾಗಿಯೇ ಒಯ್ದು ಇಪ್ಪತ್ತು ಕಿಲೋ ಉಳಿಸುತ್ತೇವೆ. ಕಸಕ್ಕೆಂದು ಒಂದು ಖಾಲಿ ಗೋಣಿ ಹೋಗುವಾಗಲೇ ಜೀಪಿನಲ್ಲಿರುತ್ತದೆ, ಬರುವಾಗ ತುಂಬಿರುತ್ತದೆ.

ಊರಿಗೆ ಮರಳಿದ ದಿನ ಎಷ್ಟೇ ದಣಿವಿದ್ದರೂ ಜೀಪನ್ನು ಪೂರ್ತಿ ಇಳಿಸಿ, ಅಡಿಯ ಎರೆಮಣ್ಣನ್ನು ಕೆರೆದು ತೊಳೆಯುತ್ತೇವೆ. ಸ್ಪ್ರಿಂಗ್ ಪಟ್ಟಿಗಳಲ್ಲಿ ಬಿರುಕು ಬಿಟ್ಟಿದೆಯೇ ಎಂದು ಮಾವ ಟಾರ್ಚು ಹಿಡಿದು ಒಂದೊಂದನ್ನೂ ನೋಡುತ್ತಾರೆ. ಕ್ಯಾನುಗಳನ್ನು ಬೋರಲು ಹಾಕಿ, ಟಾರ್ಪಾಲನ್ನು ಬಿಸಿಲಿಗೆ ಹರಡುವುದು ನನ್ನ ಪಾಲಿನ ಕೆಲಸ. ಕೊಯ್ಲಿನ ಕಾಲವಾಗಿದ್ದರೆ ಅದನ್ನು ಮಡಿಸುವ ಗೋಜಿಲ್ಲ. ಮರುದಿನ ಬೆಳಗ್ಗೆ ಅದರ ಮೇಲೆ ಬೇಯಿಸಿದ ಅಡಿಕೆ ಬೀಳುತ್ತದೆ.